ಕೂಗದೆ ಬಿಟ್ಟ ಬೀದಿ

ಖಾಲಿ ಸಮುದಾಯ ಭವನದಲ್ಲಿ ನಿಂತು ಖಾಸಿಂ ಮೈಕಿಗೆ ‘ಹಲೋ, ಒಂದು, ಎರಡು’ ಎಂದ. ಮೂರು ಎನ್ನಲು ಮನಸ್ಸಾಗಲಿಲ್ಲ. ಎರಡು ಎಂಬುದು ಎದುರಿನ ಗೋಡೆಗೆ ಬಡಿದು, ಅಲ್ಲಿ ತೂಗುಹಾಕಿದ್ದ ಊರಿನ ನಕ್ಷೆಯ ಮೇಲೆ ಒಂದು ಕ್ಷಣ ಕೂತು, ಮತ್ತೆ ಅವನ ಕಿವಿಗೇ ಬಂತು. ಇಪ್ಪತ್ತೆಂಟು ವರ್ಷ ದೊಡ್ಡಬಳ್ಳಾಪುರದ ಬೀದಿಬೀದಿಯಲ್ಲಿ ಕೂಗಿದ ದನಿ ಅದು. ಎರಡು ದಿನ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದದ್ದು, ಮಕ್ಕಳಿಗೆ ಪೋಲಿಯೋ ಹನಿ ಹಾಕಿಸಿ ಎಂದದ್ದು, ಉಚಿತ ಕಣ್ಣಿನ ತಪಾಸಣೆ, ಆಷಾಢದ ಸೀರೆ ರಿಯಾಯಿತಿ, ಎಲ್ಲ ಆ ದನಿಯೇ. ಊರಿನವರಿಗೆ ಅವನ ಮುಖಕ್ಕಿಂತ ದನಿಯ ಪರಿಚಯ ಹೆಚ್ಚು. ತೂಬಗೆರೆ ಬಸ್ಸಿನಲ್ಲಿ ಪಕ್ಕ ಕೂತವನೊಡನೆ ಎರಡು ಮಾತಾಡಿದರೆ ಸಾಕು, ‘ಓ, ನೀರು ಬರಲ್ಲ ಅಂತೀರಲ್ಲ, ನೀವೇ ಅಲ್ವಾ?’ ಎಂದು ಅವನು ನಗುತ್ತಿದ್ದ, ನೀರು ನಿಲ್ಲಿಸುವವನೂ ಇವನೇ ಎಂಬಂತೆ. ಪತ್ರಿಕೆಯಲ್ಲಿ ಬಂದಿರಲಿ, ಕಚೇರಿಯ ಬೋರ್ಡಿಗೆ ಅಂಟಿಸಿರಲಿ, ಖಾಸಿಂ ಆಟೋದಲ್ಲಿ ಬಂದು ಕೂಗದ ಸುದ್ದಿ ಸುದ್ದಿಯೇ ಅಲ್ಲ ಎಂದು ಅರ್ಧ ಊರು ನಂಬಿತ್ತು. ಈ ನಂಬಿಕೆಯ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ. ಮೂರು ದಿನದಿಂದ ಆ ಹೆಮ್ಮೆಯೇ ಅರಗದೆ ಹೊಟ್ಟೆಯಲ್ಲಿ ಕೂತಿತ್ತು.

‘ಏ ಖಾಸಿಂ, ಆ ನಕ್ಷೇನ ಸ್ವಲ್ಪ ಎಡಕ್ಕೆ ಎಳಿಯಪ್ಪಾ, ಮೇಡಂಗೆ ಕಾಣ್ಬೇಕು’ ಎಂದು ಬಾಗಿಲಿನಿಂದ ಕೆಂಪರಾಜ್ ಕೂಗಿದರು. ಯೋಜನೆ ಕಚೇರಿಯ ಗುಮಾಸ್ತರು ಅವರು. ಮೈಕಿಗೆ ಕರೆದವನಿಂದ ಕುರ್ಚಿಯನ್ನೂ ಹಾಕಿಸುವುದು, ನಕ್ಷೆಯನ್ನೂ ಎಳೆಸುವುದು ಅವರ ಪದ್ಧತಿ. ಖಾಸಿಂನಿಗೆ ಅದರಲ್ಲಿ ಬೇಸರವಿರಲಿಲ್ಲ, ಅಥವಾ ಇದ್ದ ಬೇಸರ ಎಂದೋ ಸವೆದುಹೋಗಿತ್ತು. ಅವನು ನಕ್ಷೆಯ ತುದಿ ಹಿಡಿದು ಎಳೆದ. ಊರು ಗುಲಾಬಿ, ಹಳದಿ, ಹಸಿರು ಬಣ್ಣಗಳಲ್ಲಿ ಹರಡಿಕೊಂಡಿತ್ತು. ಮನೆಗಳಿಲ್ಲ, ಮರಗಳಿಲ್ಲ, ಬಣ್ಣ ಮಾತ್ರ. ಅದರ ಮಧ್ಯೆ ಬೈಪಾಸಿನ ಕಡೆಗೆ ಓಡುವ, ಅಗಲವಾಗಲಿರುವ ರಸ್ತೆಯನ್ನು ಕೆಂಪು ಗೆರೆಯಲ್ಲಿ ಎಳೆದಿದ್ದರು. ಪೇಟೆ ಬೀದಿಯಲ್ಲಿ ಗೆರೆ ಸಣ್ಣ, ಕಂಡಿಕೆ ಬೀದಿಗೆ ಬಂದ ಕೂಡಲೇ ದಪ್ಪ. ಪೇಟೆ ಬೀದಿಯವರು ಎಂಬತ್ತನಾಲ್ಕು ಆಕ್ಷೇಪಣೆ ಬರೆದುಕೊಟ್ಟಿದ್ದರಿಂದ ಅಲ್ಲಿ ರಸ್ತೆ ನಲವತ್ತು ಅಡಿಯಿಂದ ಮೂವತ್ತಕ್ಕೆ ಇಳಿದಿತ್ತು. ಕಂಡಿಕೆ ಬೀದಿಯಿಂದ ಒಂದೂ ಬಂದಿರಲಿಲ್ಲ, ಅಲ್ಲಿ ನಲವತ್ತೇ. ನಲವತ್ತಾದರೆ ಪ್ರತಿ ಮನೆಯ ಮುಂದಿನ ಕೋಣೆ ಹೋಗುತ್ತದೆ. ನೇಕಾರರ ಬೀದಿಯಲ್ಲಿ ಮುಂದಿನ ಕೋಣೆ ಎಂದರೆ ಮಗ್ಗದ ಕೋಣೆ. ಖಾಸಿಂ ಬೆರಳಿನಿಂದ ಆ ಗೆರೆಯನ್ನು ಮುಟ್ಟಿದ. ಬೆರಳು ಮುಚ್ಚಿದಷ್ಟು ಜಾಗದಲ್ಲಿ ಅರವತ್ತು ಮನೆಗಳಿದ್ದವು. ಬೆರಳಿನ ಕೆಳಗೆ ಎಲ್ಲೋ ಒಂದು ಕಡೆ ನೇಕಾರರ ಭಾಗ್ಯಮ್ಮ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು.

ಮೂರು ದಿನದ ಹಿಂದೆ ಚಹಾ ಅಂಗಡಿಯಲ್ಲಿ ಕೆಂಪರಾಜ್ ಬಹಳ ಸಂತೋಷದಿಂದ ಹೇಳಿದ್ದರು: ‘ಕಂಡಿಕೆ ಬೀದಿಯೋರು ಒಳ್ಳೇವ್ರು ಕಣಯ್ಯಾ, ಒಂದೂ ತಕರಾರಿಲ್ಲ. ಮೌನಂ ಸಮ್ಮತಿ ಲಕ್ಷಣಂ!’ ಖಾಸಿಂನ ಲೋಟ ತುಟಿಯ ಹತ್ತಿರ ಹೋದದ್ದು ಹಾಗೇ ನಿಂತಿತು. ಆ ಬೀದಿಯವರ ಮೌನದ ಗುಟ್ಟು ಊರಿನಲ್ಲಿ ಒಬ್ಬನಿಗೇ ಗೊತ್ತಿತ್ತು, ಆ ಒಬ್ಬ ಚಹಾ ಕುಡಿಯುತ್ತಿದ್ದ. ಒಂದೂವರೆ ತಿಂಗಳ ಹಿಂದಿನ ಮಂಗಳವಾರ. ‘ಸಾರ್ವಜನಿಕರ ಗಮನಕ್ಕೆ, ಉದ್ದೇಶಿತ ರಸ್ತೆ ಅಗಲೀಕರಣಕ್ಕೆ ಸಂಬಂಧಪಟ್ಟಂತೆ ಮೂವತ್ತು ದಿನಗಳ ಒಳಗೆ ತಮ್ಮ ಆಕ್ಷೇಪಣೆಗಳನ್ನು ಲಿಖಿತ ರೂಪದಲ್ಲಿ’ ಎಂದು ತಾನೇ ರೆಕಾರ್ಡ್ ಮಾಡಿ ಪೆನ್‌ಡ್ರೈವಿಗೆ ತುಂಬಿಕೊಂಡಿದ್ದನ್ನು ಆಟೋದ ಮೇಲಿನ ಎರಡು ಹಾರ್ನುಗಳಲ್ಲಿ ಮೊಳಗಿಸುತ್ತ ಇಪ್ಪತ್ತೊಂದು ಬೀದಿ ಮುಗಿಸಿದ್ದ. ಇಪ್ಪತ್ತೆರಡನೆಯದು ಕಂಡಿಕೆ ಬೀದಿ. ಅಲ್ಲಿಗೆ ಅವನು ಯಾವಾಗಲೂ ಊಟದ ಹೊತ್ತಿಗೇ ಹೋಗುತ್ತಿದ್ದದ್ದು. ಉಳಿದ ಹೊತ್ತಿನಲ್ಲಿ ಮಗ್ಗಗಳ ಖಟಪಟದ ಮುಂದೆ ಹಾರ್ನು ಸೋಲುತ್ತಿತ್ತು. ಅಂದು ತಿರುವಿನಲ್ಲಿ ಬರುವಾಗಲೇ ಏನೋ ಬೇರೆಯಾಗಿತ್ತು. ಮಗ್ಗಗಳು ನಿಂತಿದ್ದವು. ಊಟಕ್ಕೆ ನಿಲ್ಲುವ ಹಾಗಲ್ಲ, ಒಂದೂ ಬಿಡದೆ. ಐದನೆಯ ಮನೆಯ ಮುಂದೆ ಸೌದೆಯ ತುಂಡೊಂದು ಹೊಗೆಯಾಡುತ್ತಿತ್ತು. ಭಾಗ್ಯಮ್ಮನ ಗಂಡ ರಾಮಾಂಜಿನಪ್ಪ ಹೋಗಿದ್ದರು.

ಸಾವಿನ ಮನೆಯ ಮುಂದೆ, ಆಜಾನ್ ಹೊತ್ತಿನಲ್ಲಿ, ಮಂಗಳಾರತಿಯ ಹೊತ್ತಿನಲ್ಲಿ, ಪರೀಕ್ಷೆ ನಡೆಯುವ ಶಾಲೆಯ ಮುಂದೆ ಬಾಯಿ ಮುಚ್ಚಬೇಕು. ಇದು ಖಾಸಿಂನ ಅಪ್ಪ ಜಟಕಾ ಗಾಡಿಯಲ್ಲಿ ಕೂತು ಟೂರಿಂಗ್ ಟಾಕೀಸಿನ ಪ್ರಚಾರ ಮಾಡುವಾಗ ಕಲಿಸಿದ್ದು. ‘ಹೊಟ್ಟೆಪಾಡಿಗೆ ಕೂಗ್ತೀವಿ ಬೇಟಾ, ಆದ್ರೆ ಎಲ್ಲಿ ಕೂಗ್ಬಾರ್ದು ಅಂತ ಗೊತ್ತಿರೋನೇ ಕೂಗೋನು’ ಎನ್ನುತ್ತಿದ್ದರು. ಖಾಸಿಂ ಮೈಕ್ ಆರಿಸಿದ. ಎಂಜಿನ್ನನ್ನೂ ಆರಿಸಿದ. ಬೀದಿಯ ಬಾಯಲ್ಲಿ ಆಟೋ ನಿಂತಿತು. ಆಗ ಆ ನಿಶ್ಶಬ್ದ ಅವನ ಮೇಲೆ ಇಳಿಯಿತು. ತಂತಿಯ ಮೇಲೆ ಒಣಹಾಕಿದ್ದ ಹಸಿರು ರೇಷ್ಮೆಯ ಲಡಿಗಳು ಬಿಸಿಲಲ್ಲಿ ಅಲುಗುತ್ತಿದ್ದವು. ಒಂದು ಕೋಳಿ ಬೀದಿಯನ್ನು ಅಡ್ಡ ದಾಟಿ, ನಡುವೆ ನಿಂತು, ಏನನ್ನೋ ನೆನಪಿಸಿಕೊಂಡಂತೆ ವಾಪಸ್ಸು ಹೋಯಿತು. ಅಳುವ ಸದ್ದೂ ಮೆಲ್ಲಗೆ, ಬೇರೆ ಯಾವುದೋ ಊರಿನಿಂದ ಬಂದಂತೆ ಕೇಳುತ್ತಿತ್ತು. ಬದುಕಿಡೀ ಸದ್ದಿನಲ್ಲೇ ಕಳೆದವನಿಗೆ ಅಂಥ ಒಂದು ಮಧ್ಯಾಹ್ನ ಇರಬಹುದೆಂಬ ಕಲ್ಪನೆಯೂ ಇರಲಿಲ್ಲ. ಅವನು ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿದ. ಸತ್ತವರಿಗೆ ಮರ್ಯಾದೆ ಎಂಬುದು ಮೊದಲ ಎರಡು ನಿಮಿಷ ಮಾತ್ರ. ಆಮೇಲಿನದು ಅವನ ಸ್ವಂತ ಸುಖ. ಎಷ್ಟು ಹೊತ್ತು ಕೂತಿದ್ದನೋ. ಎಂಜಿನ್ ಶುರುಮಾಡಲು ಮನಸ್ಸೊಪ್ಪದೆ, ಇಳಿಜಾರಿನಲ್ಲಿ ಬ್ರೇಕ್ ಬಿಟ್ಟು ಆಟೋವನ್ನು ಹಿಂದಕ್ಕೆ ಹಾಗೇ ಜಾರಿಸಿಕೊಂಡು ಹೊರಟುಹೋದ.

ಮೂರನೇ ದಿನ ಹಾಲುತುಪ್ಪ ಆದ ಮೇಲೆ ಬಂದು ಕೂಗಿದರಾಯಿತು ಎಂದುಕೊಂಡಿದ್ದ. ಹಾಗೆಂದುಕೊಂಡೇ, ಮರುದಿನ ಕೆಂಪರಾಜ್ ಮುಂದಿಟ್ಟ ಪಟ್ಟಿಯ ಕೆಳಗೆ, ‘ಮೇಲ್ಕಂಡ ಇಪ್ಪತ್ತೆರಡು ಬೀದಿಗಳಲ್ಲಿ ಧ್ವನಿವರ್ಧಕದ ಮೂಲಕ ಪ್ರಚಾರ ಮಾಡಿರುತ್ತೇನೆ’ ಎಂಬಲ್ಲಿ ಸಹಿ ಹಾಕಿದ್ದ. ಮೂರನೇ ದಿನ ಸೀರೆ ಅಂಗಡಿಯವರು ಕರೆದರು. ನಾಲ್ಕನೇ ದಿನ ನೀರಿನ ಸುದ್ದಿ. ಐದನೇ ದಿನ ಬೀದಿಯ ತಿರುವಿನ ತನಕ ಹೋಗಿದ್ದ; ಮಗ್ಗಗಳು ಮತ್ತೆ ಬಡಿಯುತ್ತಿದ್ದವು, ಆ ಮಧ್ಯಾಹ್ನದ ನಿಶ್ಶಬ್ದ ಅಲ್ಲಿರಲಿಲ್ಲ, ತನ್ನೊಳಗೆ ಉಳಿದಿದ್ದ ಅದನ್ನೂ ತಾನೇ ಕೂಗಿ ಪೂರ್ತಿ ಓಡಿಸಬೇಕಲ್ಲ ಅನ್ನಿಸಿ ವಾಪಸ್ಸು ತಿರುಗಿದ್ದ. ಇದು ಯಾರಿಗಾದರೂ ಹೇಳುವಂಥ ಕಾರಣವೇ? ಹೇಳಿದರೆ ನಗುತ್ತಾರೆ. ನಕ್ಕು ಆಮೇಲೆ ಹೊಡೆಯುತ್ತಾರೆ. ಹನ್ನೊಂದನೇ ದಿನದ ತಿಥಿಗೆ ಹೋದಾಗ ಇನ್ನೂ ಹತ್ತೊಂಬತ್ತು ದಿನ ಬಾಕಿ ಇತ್ತು. ಊಟದ ಸಾಲಿನಲ್ಲಿ ಬೀದಿಗೆ ಬೀದಿಯೇ ಕೂತಿತ್ತು, ನಿಂತು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಭಾಗ್ಯಮ್ಮ ಪಾಯಸದ ಸೌಟು ಹಿಡಿದು ಅವನ ಎಲೆಯ ಮುಂದೆ ನಿಂತಳು. ‘ಅವತ್ತು ನೀವು ಬೀದಿ ಬಾಯಲ್ಲೇ ಮೈಕ್ ನಿಲ್ಲಿಸ್ಬಿಟ್ರಿ ಸಾಬ್ರೇ. ಆಟೋ ಮೆತ್ತಗೆ ಹಿಂದಕ್ಕೆ ಹೋಗಿದ್ದು ಕಿಟಕೀಲಿ ನೋಡ್ದೆ. ನಮ್ಮೆಜಮಾನ್ರ ನೆಂಟ್ರೇ ಕೆಲವ್ರು ಫೋನಲ್ಲಿ ನಗ್ತಾ ಇದ್ರು. ನಿಮಗಿದ್ದ ಮರ್ಯಾದೆ ಅವರಿಗಿರ್ಲಿಲ್ಲ. ನಾನಿರೋ ಗಂಟ ಮರೆಯಲ್ಲ.’ ಎಲೆಯ ಮೇಲೆ ಪಾಯಸ ಹರಿದು ಅನ್ನಕ್ಕೆ ಸೇರಿತು. ಈಗ ರಸ್ತೆಯ ಸುದ್ದಿ ತೆಗೆದರೆ ಅವಳು ಆಡಿದ ಮಾತನ್ನು ಎಂಜಲು ಮಾಡಿದಂತಾಗುತ್ತದೆ ಅನ್ನಿಸಿತು. ನಾಳೆ ಎಂದುಕೊಂಡ. ಒಳ್ಳೆಯವನು ಅನ್ನಿಸಿಕೊಂಡು ಉಂಡ ಊಟ ಬಹಳ ರುಚಿಯಾಗಿತ್ತು, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಇವತ್ತು ಬೆಳಿಗ್ಗೆ ಹೆಂಡತಿ ಶರೀಫುನ್ನೀಸಾ ಚಹಾ ಇಟ್ಟು ಎದುರಿಗೇ ಕೂತಿದ್ದಳು. ‘ಕ್ಯಾ ಹುವಾ ಜೀ? ನಿದ್ದೇಲಿ ಸಾರ್ವಜನಿಕರಲ್ಲಿ ವಿನಂತಿ ಅಂತಿದ್ರಿ.’ ಮನೆಯಲ್ಲಿ ದಖ್ಖನಿಯೇ ಮಾತು, ನಿದ್ದೆ ಮಾತ್ರ ಅವನಿಗೆ ಕನ್ನಡದಲ್ಲಿ ಬೀಳುತ್ತಿತ್ತು. ಅವನು ಹೇಳಿದ. ಮಧ್ಯಾಹ್ನದ ಸುಖವೊಂದನ್ನು ಬಿಟ್ಟು ಎಲ್ಲ ಹೇಳಿದ. ಅವಳು ಸುಲಭವಾಗಿ, ‘ಹೇಳ್ಬಿಡಿ. ಕಚೇರಿ ಕೆಲ್ಸ ಹೋಗುತ್ತೆ, ಅಷ್ಟೇ ತಾನೇ? ಸೀರೆ ಅಂಗಡಿಯೋರು ಕರೀತಾರೆ’ ಎಂದಳು. ಅವನಿಗೆ ಸಿಟ್ಟು ಬಂತು. ಕೆಲಸದ ಮಾತಲ್ಲ ಇದು ಎಂದು ಇವಳಿಗೆ ಹೇಗೆ ತಿಳಿಸುವುದು? ಕಚೇರಿ ಹಾಳಾಗಿ ಹೋಗಲಿ. ಊರಿನಲ್ಲಿ ಒಂದು ಮನೆಯಲ್ಲಾದರೂ ಖಾಸಿಂ ಎಂದರೆ ಮರ್ಯಾದಸ್ಥ ಎಂದು ನಂಬಿದ ಒಂದು ಜೀವ ಇದೆಯಲ್ಲ, ಅದರ ಮುಂದೆ ಬಟ್ಟೆ ಬಿಚ್ಚಿ ನಿಂತ ಹಾಗೆ ನಿಲ್ಲಬೇಕಲ್ಲ. ಹೇಳದಿದ್ದರೆ ಅದೇ ಜೀವದ ಮಗ್ಗದ ಕೋಣೆ ಹೋಗುತ್ತದೆ. ಒಂದು ವಾರದ ಹಿಂದೆ ಅಳತೆಯವರು ಬಂದು ಅವಳ ಗೋಡೆಯ ಮೇಲೆ ಕೆಂಪು ಬಣ್ಣದ ಗುರುತು ಹಾಕಿ ಹೋಗಿದ್ದರು. ಆಗಲೇ ಆ ಬೀದಿಗೆ ವಿಷಯ ಗೊತ್ತಾದದ್ದು. ಪಕ್ಕದ ಬೀದಿಯಲ್ಲಿ ಕೂಗಿದ್ದನ್ನು ಒಬ್ಬಿಬ್ಬರು ಕೇಳಿದ್ದರಂತೆ, ತಮ್ಮದಾಗಿದ್ದರೆ ಖಾಸಿಂ ಇಲ್ಲಿಗೇ ಬಂದು ಹೇಳುತ್ತಿದ್ದನಲ್ಲ ಎಂದು ಸುಮ್ಮನಾದರಂತೆ. ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದಿದ್ದ.

ಹನ್ನೊಂದು ಗಂಟೆಗೆ ಆಕ್ಷೇಪಣೆಗಳ ವಿಚಾರಣೆಗೆಂದು ಬಂದವರಿಂದ ಭವನ ತುಂಬಿತು. ಖಾಸಿಂ ಹಿಂದಿನ ಗೋಡೆಗೆ ಒರಗಿ ಆಂಪ್ಲಿಫೈಯರಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ. ಅಲ್ಲಿಂದ ತಲೆಗಳಷ್ಟೇ ಕಾಣುತ್ತಿದ್ದವು. ಬೆಂಗಳೂರಿನಿಂದ ಬಂದ ಹಿರಿಯ ಅಧಿಕಾರಿ ರೂಪ ಮೇಡಂ ಮೈಕಿನ ಮುಂದೆ ಕೂತು ಒಂದೊಂದೇ ಬೀದಿಯ ಹೆಸರು ಓದತೊಡಗಿದರು. ತೊಳೆದ ಲೋಟದಂಥ ದನಿ, ಎಲ್ಲಿಯೂ ಕಲೆಯಿಲ್ಲ. ಆ ದನಿ ಅವನ ಮೊಣಕಾಲಿನ ಹತ್ತಿರದ ಪೆಟ್ಟಿಗೆಯನ್ನು ಹೊಕ್ಕು, ಬಿಸಿಯಾಗಿ, ನಾಲ್ಕು ಸ್ಪೀಕರುಗಳಿಂದ ಹೊರಗೆ ಬೀಳುತ್ತಿತ್ತು. ಪೇಟೆ ಬೀದಿಯವರು ಗಲಾಟೆ ಮಾಡಿದರು, ಕೂತರು. ಯಾರೋ ಚರಂಡಿಯ ಮಾತು ತೆಗೆದರು, ಯಾರೋ ಬಸ್ ನಿಲ್ದಾಣದ್ದು. ಸದ್ದು ನೀರಿನ ಕೆಳಗಿನಿಂದ ಬಂದಂತೆ ದೂರವಾಗುತ್ತ ಹೋಯಿತು. ಖಾಸಿಂನಿಗೆ ತೂಕಡಿಕೆ ಬಂದಂತಾಯಿತು. ಗೋಡೆಯ ಮೇಲಿನ ನಕ್ಷೆಯಲ್ಲಿ ತನ್ನ ಆಟೋ ಹೋಗುತ್ತಿದೆ, ಗುಲಾಬಿಯಿಂದ ಹಳದಿಗೆ, ಹಳದಿಯಿಂದ ಹಸಿರಿಗೆ. ಹಾರ್ನಿನಿಂದ ಮಾತಿನ ಬದಲು ನೂಲು ಹೊರಬರುತ್ತಿದೆ, ಉದ್ದಕ್ಕೆ, ಮನೆಮನೆಯ ಬಾಗಿಲಿಗೆ ಸುತ್ತಿಕೊಳ್ಳುತ್ತ. ಒಂದು ತಿರುವಿನಲ್ಲಿ ನೂಲು ಕಡಿದಿದೆ. ಕಡಿದ ತುದಿ ಹುಡುಕಲು ಅವನು ಬಗ್ಗುತ್ತಿದ್ದಾನೆ.

‘ಕಂಡಿಕೆ ಬೀದಿ’ ಎಂಬ ಹೆಸರು ಕಿವಿಗೆ ಬಿದ್ದು ಅವನು ನೆಟ್ಟಗೆ ಕೂತ. ‘ಆಕ್ಷೇಪಣೆ ಇಲ್ಲ. ಮುಂದಿನದು…’

‘ಇದೆ’ ಎಂದು ಹೆಂಗಸೊಬ್ಬಳ ದನಿ ಬಂತು. ಮೂರನೇ ಸಾಲಿನಲ್ಲಿ ಭಾಗ್ಯಮ್ಮ ಎದ್ದು ನಿಂತಿದ್ದಳು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ‘ನಮಗೆ ಯಾರೂ ಹೇಳ್ಲೇ ಇಲ್ಲ ತಾಯಿ. ಗೋಡೆ ಮೇಲೆ ಬಣ್ಣ ಬಳಿದ ಮೇಲೇನೇ ಗೊತ್ತಾಗಿದ್ದು. ಮುಂದ್ಗಡೆ ಕೋಣೆ ಹೋದ್ರೆ ಮಗ್ಗ ಎಲ್ಲಿಡೋದು? ಅಡುಗೆಮನೇಲಾ?’ ಅವಳ ಹಿಂದೆ ಬೀದಿಯವರು ‘ಹೌದು, ಹೌದು’ ಎಂದರು. ಮೇಡಂ ಕೆಂಪರಾಜರ ಕಡೆ ನೋಡಿದರು. ಕೆಂಪರಾಜ್ ಆಗಲೇ ಫೈಲು ಬಿಚ್ಚಿದ್ದರು. ‘ಪ್ರಚಾರ ಆಗಿದೆ ಮೇಡಂ, ಸಹಿ ಇದೆ. ಕೂಗಿದವನು ಇಲ್ಲೇ ಕೂತಿದ್ದಾನೆ ನೋಡಿ, ಮೈಕ್‌ನವನು.’ ಇನ್ನೂರು ತಲೆಗಳು ಹಿಂದಕ್ಕೆ ತಿರುಗಿದವು. ತಲೆಗಳಿಗೆ ಮುಖ ಬಂದದ್ದನ್ನು ಖಾಸಿಂ ಕಂಡ. ಮೇಡಂ ಭಾಗ್ಯಮ್ಮನನ್ನು ಮೃದುವಾಗಿಯೇ ಕೇಳಿದರು: ‘ನೋಡಿಯಮ್ಮ, ಇವರು ನಿಮ್ಮ ಬೀದಿಗೆ ಬಂದಿದ್ದರಾ?’

‘ಸಾಬ್ರಾ? ಬಂದಿದ್ರು’ ಎಂದಳು ಭಾಗ್ಯಮ್ಮ ತಟ್ಟನೆ. ‘ನಮ್ಮೆಜಮಾನ್ರು ಹೋದ ದಿವ್ಸ. ಬಂದು ಮೈಕ್…’ ಅಷ್ಟಕ್ಕೇ ನಿಂತಳು. ಅವಳ ಕಣ್ಣು ಅವನ ಮೇಲಿತ್ತು. ಅಷ್ಟು ದೂರದಿಂದಲೂ ಅವನಿಗೆ ಕಂಡಿತು, ಒಂದು ವಿಷಯ ಅವಳ ಮುಖದೊಳಗೆ ನಿಧಾನವಾಗಿ ನಡೆದು ಬಂದು ತನ್ನ ಜಾಗದಲ್ಲಿ ಕೂತದ್ದು. ಅಂದು ನಿಲ್ಲಿಸಿದ್ದು ಯಾವ ಸುದ್ದಿಯನ್ನು ಎಂದು ಅವಳಿಗೆ ಈಗ ಗೊತ್ತಾಯಿತು. ‘ಮೈಕ್ ಏನು? ಕೂಗಿದರಾ?’ ಎಂದರು ಮೇಡಂ. ಭಾಗ್ಯಮ್ಮ ಸೆರಗನ್ನು ಇನ್ನೊಂದು ಸುತ್ತು ಬೆರಳಿಗೆ ಸುತ್ತಿಕೊಂಡಳು. ‘ಮನೇಲಿ ಹೆಣ ಇತ್ತು ತಾಯಿ. ಯಾರು ಏನು ಕೂಗಿದ್ರೋ, ನನ್ ಕಿವಿಗೆ ಬೀಳ್ಲಿಲ್ಲ’ ಎಂದು ಹೇಳಿ ಕೂತುಬಿಟ್ಟಳು.

ಖಾಸಿಂನ ಮೈಯೆಲ್ಲ ಹಗುರವಾಯಿತು. ಆ ಹಗುರ ಎಷ್ಟು ಸಿಹಿಯಾಗಿತ್ತೆಂದರೆ ಅವನು ಉಸಿರು ಬಿಡಲೂ ಹೆದರಿದ. ಮುಗಿಯಿತು. ಅವಳು ತನ್ನ ಮಗ್ಗದ ಕೋಣೆಯನ್ನು ಎತ್ತಿ ಅವನ ಮರ್ಯಾದೆಯ ಮೇಲೆ ಹೊದಿಸಿ ಕೂತಿದ್ದಳು. ಇನ್ನು ಯಾರೂ ಕೇಳುವುದಿಲ್ಲ. ‘ಪ್ರಚಾರ ಆಗಿದೆ ಅಂತ ಬರ್ಕೊಳ್ಳಿ’ ಎಂದರು ಮೇಡಂ. ಕೆಂಪರಾಜ್ ಪೆನ್ನು ತೆಗೆದರು. ಬರೆಯುವ ಮೊದಲು ಪೆನ್ನನ್ನು ಎರಡು ಸಲ ಕೊಡವಿದರು. ಭಾಗ್ಯಮ್ಮನ ಕತ್ತಿನ ಹಿಂಭಾಗ ಮಾತ್ರ ಈಗ ಕಾಣುತ್ತಿತ್ತು, ಕರಿಮಣಿ ಇಲ್ಲದ ಕತ್ತು, ನೆಟ್ಟಗೆ. ಅವಳು ಹಿಂದಕ್ಕೆ ತಿರುಗಲಿಲ್ಲ. ತಿರುಗಿ ಒಮ್ಮೆ ನೋಡಿದ್ದರೆ, ಕಣ್ಣಲ್ಲೇ ಒಂದು ಬೈಗುಳ ಬೈದಿದ್ದರೆ, ಅವನು ಬಹುಶಃ ಸುಮ್ಮನೆ ಕೂತೇ ಇರುತ್ತಿದ್ದ.

‘ಕೂಗ್ಲಿಲ್ಲ’ ಎಂದ. ಯಾರಿಗೂ ಕೇಳಿಸಲಿಲ್ಲ. ಮೈಕಿಲ್ಲದ ಅವನ ದನಿ ಇಷ್ಟು ಸಣ್ಣದೆಂದು ಅವನಿಗೇ ಗೊತ್ತಿರಲಿಲ್ಲ. ಆಂಪ್ಲಿಫೈಯರಿನ ಮೇಲೆ ಪರೀಕ್ಷೆಗೆಂದು ಇಟ್ಟಿದ್ದ ಮೈಕನ್ನು ಎತ್ತಿಕೊಂಡು ಗುಂಡಿ ಒತ್ತಿದ. ‘ನಾನು ಕೂಗ್ಲಿಲ್ಲ ಮೇಡಂ.’ ನಾಲ್ಕು ಸ್ಪೀಕರುಗಳೂ ಅದನ್ನು ಹೇಳಿದವು. ‘ಬೀದಿಗೆ ಹೋದೆ. ಸಾವಾಗಿತ್ತು, ಮೈಕ್ ಆಫ್ ಮಾಡ್ದೆ. ಮತ್ತೆ ಬಂದು ಹೇಳ್ಬೇಕಿತ್ತು, ಹೇಳ್ಲಿಲ್ಲ. ಸಹಿ ಹಾಕಿದ್ದು ನಂದೇ, ಸುಳ್ಳು ಸಹಿ. ಆ ಬೀದಿಯೋರಿಗೆ ಏನೂ ಗೊತ್ತಿರ್ಲಿಲ್ಲ.’ ಇನ್ನೇನೋ ಹೇಳಬೇಕಿತ್ತು, ಆ ಬಿಸಿಲು, ಆ ಲಡಿಗಳು, ಆದರೆ ಅವು ಮೈಕಿನಲ್ಲಿ ಹಿಡಿಯುವ ವಸ್ತುಗಳಾಗಿರಲಿಲ್ಲ. ಗುಂಡಿ ಬಿಟ್ಟ.

ಎಲ್ಲ ಒಟ್ಟಿಗೇ ಆಯಿತು. ಕುರ್ಚಿಗಳು ಬಿದ್ದವು. ನೇಕಾರರ ಸಂಘದ ಸುನಿಲ್‌ಕುಮಾರ್, ಯಾವಾಗಲೂ ‘ಭಾಯ್’ ಎಂದು ಹೆಗಲ ಮೇಲೆ ಕೈ ಹಾಕುವವನು, ಸಾಲುಗಳನ್ನು ದಾಟಿ ಬಂದು ಅವನ ಮುಖದ ಮುಂದೆ ನಿಂತ. ‘ಸತ್ತೋನೊಬ್ಬನಿಗೆ ಮರ್ಯಾದೆ ಕೊಡೋಕೆ ಹೋಗಿ ಇಡೀ ಬೀದೀನೇ ಸಾಯ್ಸಿದ್ಯಲ್ಲೋ!’ ಹಿಂದಿನಿಂದ ಇನ್ಯಾರೋ, ‘ಆ ರಾಮಾಂಜಿನಪ್ಪ ಬದುಕಿದ್ದಾಗ್ಲೂ ಬೀದಿಗೆ ತೊಂದ್ರೆ, ಸತ್ತ ಮೇಲೂ ತೊಂದ್ರೆ’ ಎಂದರು, ಒಬ್ಬಿಬ್ಬರು ನಕ್ಕರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಮಾತು ಸತ್ತವರ ಮೇಲೆ ಹೋಗಿ ಬಿತ್ತು. ಭಾಗ್ಯಮ್ಮ ನಕ್ಕವರ ಕಡೆ ನೋಡಲಿಲ್ಲ. ಈಗ ಅವಳು ಖಾಸಿಂನ ಕಡೆ ತಿರುಗಿದ್ದಳು, ಅವಳ ಮುಖದಲ್ಲಿ ಕೃತಜ್ಞತೆ ಇರಲಿಲ್ಲ. ‘ಯಾಕೆ ಅವ್ರ ಹೆಸ್ರು ತಂದ್ರಿ?’ ಎಂದಷ್ಟೇ ಕೇಳಿ ಸೆರಗು ಹೊದ್ದು ಹೊರಗೆ ಹೋದಳು. ಅವನು ಹೆಸರು ತಂದಿರಲಿಲ್ಲ, ಸಾವು ಎಂದಷ್ಟೇ ಹೇಳಿದ್ದ. ಆದರೆ ಆ ದಿನ ಆ ಬೀದಿಯಲ್ಲಿ ಸತ್ತದ್ದು ಒಬ್ಬರೇ.

ಮೇಡಂ ಮೇಜು ತಟ್ಟಿ ಎಲ್ಲರನ್ನೂ ಕೂರಿಸಿದರು. ಅವನ ಹೇಳಿಕೆಯನ್ನು ಅವನ ಕೈಯಿಂದಲೇ ಬರೆಸಿಕೊಂಡರು. ಕಂಡಿಕೆ ಬೀದಿಗೆ ಇವತ್ತಿನಿಂದ ಹದಿನೈದು ದಿನ ಸಮಯ, ಮನೆಗೊಂದರಂತೆ ಆಕ್ಷೇಪಣೆ ಬರೆದುಕೊಡಿ, ಅಲ್ಲಿಯ ತನಕ ಆ ಬೀದಿಯ ಗೆರೆ ತೀರ್ಮಾನವಾಗುವುದಿಲ್ಲ ಎಂದರು. ಉಳಿಯುತ್ತದೆ ಎಂದು ಹೇಳಲಿಲ್ಲ, ನೋಡೋಣ ಎಂದರು. ಕೆಂಪರಾಜ್ ಅವನ ಹತ್ತಿರ ಬಂದಾಗ ಬೈಯುತ್ತಾರೆಂದುಕೊಂಡ. ಅವರ ಕಣ್ಣಲ್ಲಿ ನೀರೇ ಇದ್ದ ಹಾಗಿತ್ತು. ‘ನಿನ್ನ ನಂಬಿ ಬೀದಿ ಬೀದಿ ಸುತ್ತಿ ನೋಡ್ಲಿಲ್ಲ ಕಣಯ್ಯಾ ನಾನು. ಈಗ ನನ್ನನ್ನ ಕೇಳ್ತಾರೆ. ಮೈಕ್ ಬಿಚ್ಕೊಂಡ್ ಹೋಗು, ಇನ್ಮೇಲೆ ಈ ಕಡೆ ಬರ್ಬೇಡ.’ ಖಾಸಿಂ ವೈರು ಸುತ್ತತೊಡಗಿದ. ಮೊಣಕೈಗೂ ಹೆಬ್ಬೆರಳಿಗೂ ನಡುವೆ ಸುತ್ತು ಎಂದಿನ ಅಚ್ಚುಕಟ್ಟಿನಲ್ಲಿ ಬೀಳಲಿಲ್ಲ.

ಮಧ್ಯಾಹ್ನ ಆಟೋವನ್ನು ಮನೆಯ ಮುಂದೆ ಬಿಟ್ಟು, ಬಿಳಿ ಹಾಳೆಗಳನ್ನು ಮಡಚಿ ಜೇಬಿಗಿಟ್ಟುಕೊಂಡು ಅವನು ಕಂಡಿಕೆ ಬೀದಿಗೆ ನಡೆದು ಹೋದ. ನಡೆದರೆ ಬೀದಿ ಬಹಳ ಉದ್ದ. ಮಗ್ಗಗಳು ಎರಡೂ ಕಡೆಯಿಂದ ಬಡಿಯುತ್ತಿದ್ದವು, ನೆಲ ಪಾದದ ಕೆಳಗೆ ಸಣ್ಣಗೆ ನಡುಗುತ್ತಿತ್ತು. ಬರೆಯಲು ಬಾರದವರ ಆಕ್ಷೇಪಣೆ ಬರೆದುಕೊಡುತ್ತೇನೆ ಎಂದು ಮೊದಲ ಮನೆಯಲ್ಲಿ ಹೇಳಿದ, ಬಾಗಿಲು ಹಾಕಿಕೊಂಡರು. ಎರಡನೆಯ ಮನೆಯಲ್ಲಿ ಅವನ ಮಾತು ಮಗ್ಗದ ಸದ್ದಿನಲ್ಲಿ ಮುಳುಗಿತು, ಮತ್ತೆ ಕೂಗಿ ಹೇಳಲು ಸಂಕೋಚವಾಯಿತು. ಮೂರನೆಯ ಮನೆಯ ಮುದುಕ ಹಾಳೆ ಇಸಿದುಕೊಂಡು, ‘ನಮ್ಮುಡ್ಗ ಬರೀತಾನೆ’ ಎಂದ. ಐದನೆಯದು ಭಾಗ್ಯಮ್ಮನದು. ಗೋಡೆಯ ಮೇಲೆ ಕೆಂಪು ಗುರುತು, ಅದರ ಪಕ್ಕ ಯಾವಾಗಲೋ ಬರೆದ ರಂಗೋಲಿಯ ಮಾಸಿದ ಅಂಚು. ಬಾಗಿಲು ತೆರೆದಿತ್ತು. ಅವಳು ನೆಲದ ಮೇಲೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಅವನನ್ನು ನೋಡಿ ರಾಟೆ ನಿಲ್ಲಿಸಿದಳು, ಎದ್ದು ಹೋಗಿ ಮಗ್ಗದ ಸ್ವಿಚ್ಚು ಆರಿಸಿದಳು. ಬನ್ನಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವನು ಹೊಸ್ತಿಲ ಹೊರಗೇ ಕೂತು ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡ.

‘ಬರೀರಿ’ ಎಂದಳು. ‘ನಮ್ಮನೇಲಿ ಎರಡು ಮಗ್ಗ. ಒಂದು ನಮ್ಮೆಜಮಾನ್ರದ್ದು, ಒಂದು ನಂದು. ಅವ್ರು ಹೋದ್ಮೇಲೆ ಎರಡೂ ನಾನೇ ಓಡಿಸ್ತೀನಿ. ಕೋಣೆ ಹೋದ್ರೆ ಎರಡೂ ಹೋಗುತ್ತೆ.’ ಅವನು ಬರೆದ, ಅವಳ ಮಾತನ್ನು ಕಚೇರಿಯ ಕನ್ನಡಕ್ಕೆ ತಿರುಗಿಸದೆ ಹಾಗೆಯೇ ಬರೆದ. ಅವಳು ಮುಂದುವರಿಸಿದಳು. ‘ನಮ್ಮೆಜಮಾನ್ರು ಸತ್ತ ದಿವ್ಸ ಸುದ್ದಿ ಹೇಳೋರು ಬಂದಿದ್ರು. ಮನೇಲಿ ಸಾವಿದೆ ಅಂತ ಮರ್ಯಾದೆಗೆ ಸುಮ್ನಾದ್ರು. ಅದ್ರಲ್ಲಿ ಸತ್ತೋರ ತಪ್ಪಿಲ್ಲ. ಸುದ್ದಿ ಹೇಳೋರ ತಪ್ಪೂ ಇಲ್ಲ. ಹಂಗಂತ ಬರೀರಿ.’

ಪೆನ್ನು ನಿಂತಿತು. ‘ಅದು ಬೇಡಮ್ಮಾ’ ಎಂದ. ‘ಅಷ್ಟೇ ಆಗಿದ್ರೆ ಸರಿ. ಆಮೇಲೆ ಬರ್ಬೋದಿತ್ತು, ಬರ್ಲಿಲ್ಲ. ಇಲ್ಲೇ ಕೂತು ಊಟ ಮಾಡ್ದೆ, ಆವಾಗ್ಲೂ ಬಾಯಿ ಬಿಡ್ಲಿಲ್ಲ. ತಪ್ಪು ನಂದೇ.’ ಹೇಳುತ್ತಿದ್ದಂತೆಯೇ ಅವನಿಗೆ ತಾನು ಯಾವುದಕ್ಕೆ ಕಾದಿದ್ದೇನೆಂದು ತಿಳಿಯಿತು. ಅಯ್ಯೋ, ಹಂಗನ್ಬೇಡಿ ಸಾಬ್ರೇ, ನೀವೇನು ಬೇಕಂತ ಮಾಡಿದ್ರಾ, ಎಂದು ಅವಳು ಹೇಳಬೇಕಿತ್ತು. ಒಂದು ಸಲ, ಮೆಲ್ಲಗಾದರೂ.

‘ಹೂಂ’ ಎಂದಳು ಭಾಗ್ಯಮ್ಮ, ಅವನ ಮುಖವನ್ನೇ ನೋಡುತ್ತ. ‘ಹಂಗಾದ್ರೆ ತಪ್ಪು ಅಂತಾನೇ ಬರೀರಿ. ಹೆಸ್ರು ಹಾಕಿ ಬರೀರಿ.’

ಅವನು ತಲೆ ತಗ್ಗಿಸಿ ತನ್ನ ಹೆಸರನ್ನು ಬರೆದ, ಅದರ ಮುಂದೆ ತಪ್ಪನ್ನು ಬರೆದ. ಬರೆದದ್ದನ್ನು ಓದಿ ಎಂದಳು. ಓದಿದ. ‘ಇನ್ನೊಂದ್ ಸಲ’ ಎಂದಳು. ಮತ್ತೆ ಓದಿದ. ಸರಿಯಾಗಿದೆ ಎಂದು ತಲೆಯಾಡಿಸಿ, ಹಾಳೆಯನ್ನು ಇಸಿದುಕೊಂಡು, ಗಂಡನ ಮಗ್ಗದ ಮೇಲೆ ಇಟ್ಟು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಆಮೇಲೆ ಪಕ್ಕದ ಮನೆಯ ಗೋಡೆಯನ್ನು ಮುಷ್ಟಿಯಿಂದ ಎರಡು ಸಲ ಗುದ್ದಿ ಕೂಗಿದಳು: ‘ಲೇ ಮೋನಿಷಾ, ಮಗ್ಗ ನಿಲ್ಸಿ ಬಾರೇ ಇಲ್ಲಿ. ಬರ್ಕೊಡೋರು ಬಂದವ್ರೆ.’